ವಂಶಾವಳಿಯಲ್ಲಿ ತಾಯಿಯ ಹೆಸರೆಲ್ಲಿ?



ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳೆಯ ಮನೆತನಗಳ ಹಿರಿಯರನ್ನು ಕಂಡು, ‘ನಿಮ್ಮ ಮುತ್ಯಾನ ತಂದೆಯ ಹೆಸರೇನು?’ ಎಂದು ಕೇಳಿದರೆ ಉತ್ತರ ಒಡನೆಯೇ ದೊರೆಯುವುದುಂಟು. ನಾಲ್ಕೈದು ತಲೆಮಾರುಗಳ ಗಂಡಸರ ಹೆಸರುಗಳು ಅವರ ನಾಲಗೆಯ ತುದಿಯಲ್ಲಿರುತ್ತವೆ. ‘ಆ ಹಿರಿಯರ ಧರ್ಮಪತ್ನಿಯ ಹೆಸರೇನು? ಆಕೆಯ ತವರೂರು ಯಾವುದು? ಆ ತಾಯಿ ಹೆತ್ತ ಹೆಣ್ಣುಮಕ್ಕಳನ್ನು ಯಾವ ಊರಿಗೆ ಕೊಟ್ಟರು?’ ಎಂದು ಮುಂದುವರಿದು ಕೇಳಿದರೆ ಮಾತು ತಡವರಿಸುತ್ತದೆ. ಮನೆಯನ್ನು ಬೆಳಗಿದವಳ ಹೆಸರೇ ಮನೆಯವರಿಗೆ ತಿಳಿಯದಂತಾಗುವುದು ಸಣ್ಣ ನಷ್ಟವಲ್ಲ. ಈ ನಷ್ಟವನ್ನು ತಡೆಯಲು ಮನೆಯ ಹಳೆಯ ಗಣಕಯಂತ್ರವೊಂದು ಹೇಗೆ ನೆರವಾಗಬಲ್ಲದು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ವಂಶಾವಳಿಯನ್ನು ಕಾಪಾಡುವ ಕಾರ್ಯ ನಮ್ಮ ನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ಹೆಳವರು ಇದನ್ನೇ ಕಾಯಕವಾಗಿ ನಡೆಸಿಕೊಂಡು ಬಂದವರು. ಎತ್ತಿನ ಮೇಲೆ ಕುಳಿತು, ಗಂಟೆ ನುಡಿಸುತ್ತ, ವಂಶಪಾರಂಪರ್ಯವಾಗಿ ತಮಗೆ ಬಂದ ಒಕ್ಕಲುಮನೆಗಳ ಅಂಗಳಕ್ಕೆ ಕೆಲವು ವರ್ಷಗಳಿಗೊಮ್ಮೆ ಬಂದು, ಆ ಮನೆತನ ಎಲ್ಲಿಂದ ಬಂತು, ಎಲ್ಲಿ ನೆಲೆಸಿತು, ಯಾರಿಗೆ ಯಾರು ಮಕ್ಕಳು ಎಂಬುದನ್ನು ಅವರು ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳುಕಡಿ, ಬಟ್ಟೆ, ಕಾಣಿಕೆ ಪಡೆದು ಮುಂದಿನ ಊರಿಗೆ ಸಾಗುತ್ತಿದ್ದರು. ಅವರ ಉಪಕಾರ ದೊಡ್ಡದು. ಆದರೂ ಅವರು ಹೇಳಿದ ಸಾಲು ಮುಖ್ಯವಾಗಿ ಗಂಡುಮಕ್ಕಳ ಸಾಲು. ಕೇಳುವ ಒಕ್ಕಲುಮನೆಯವರು ಬಯಸಿದ್ದೂ ಅದನ್ನೇ.

ಕಾಗದಪತ್ರಗಳ ಸ್ಥಿತಿಯೂ ಬೇರೆಯಲ್ಲ. ಹೊಲದ ಪೌತಿ ಖಾತೆಯ ಕಾಲಕ್ಕೆ ಬರೆಯಿಸುವ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳ ಹೆಸರುಗಳನ್ನು ಬಿಟ್ಟುಬಿಡುವ ರೂಢಿ ಬಹುಕಾಲ ನಡೆಯಿತು. ಕಾನೂನು ಇದನ್ನು ಒಪ್ಪುವುದಿಲ್ಲ. ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಕರ್ನಾಟಕವು ೧೯೯೪ರಲ್ಲಿ ಜಾರಿಗೆ ಬಂದ ತನ್ನ ತಿದ್ದುಪಡಿಯಿಂದ, ಅದಕ್ಕೆ ಮೊದಲು ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ೨೦೦೫ರ ಕೇಂದ್ರದ ತಿದ್ದುಪಡಿ ಆ ಹಕ್ಕನ್ನು ಮದುವೆಯಾದವರಿಗೂ ವಿಸ್ತರಿಸಿತು. ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಮನೆಯ ವಂಶಾವಳಿಯಲ್ಲಿ ಮಗಳ ಹೆಸರನ್ನು ಬಿಟ್ಟು ಬರೆಯುವುದು ಮರೆವು ಮಾತ್ರವಲ್ಲ, ಅನ್ಯಾಯವೂ ಹೌದು. ಅಣ್ಣತಂಗಿಯರ ನಡುವಣ ಎಷ್ಟೋ ವ್ಯಾಜ್ಯಗಳ ಬೀಜವೂ ಹೌದು.

‘ಕುಲವನ್ನೆಣಿಸಬಾರದೆಂದ ಶರಣರ ಮಾರ್ಗದವರಿಗೆ ವಂಶಾವಳಿಯೇಕೆ?’ ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಹುಟ್ಟಿನಿಂದ ಮನುಷ್ಯನನ್ನು ಅಳೆಯುವುದನ್ನು ಶರಣರು ನಿರಾಕರಿಸಿದರು. ಬೀಗುವುದಕ್ಕಾಗಿ ಬರೆದ ವಂಶಾವಳಿ ನಮಗೂ ಬೇಡ. ಆದರೆ ಉಣಿಸಿ ಬೆಳೆಸಿದವರನ್ನು ನೆನೆಯುವುದು ಕುಲಾಭಿಮಾನವಲ್ಲ, ಕೃತಜ್ಞತೆ. ಇನ್ನೊಂದು ಮಾತನ್ನೂ ಗಮನಿಸಬೇಕು. ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ ಮೊದಲಾದ ಶರಣೆಯರ ಹೆಸರುಗಳು ಎಂಟು ಶತಮಾನಗಳ ಬಳಿಕವೂ ನಮಗೆ ತಿಳಿದಿವೆ, ಏಕೆಂದರೆ ಅವರ ಮಾತುಗಳನ್ನು ಬರೆದಿಟ್ಟವರಿದ್ದರು. ಹನ್ನೆರಡನೆಯ ಶತಮಾನದ ಶರಣೆಯ ಹೆಸರು ಗೊತ್ತಿದ್ದು, ನೂರು ವರ್ಷದ ಹಿಂದಿನ ನಮ್ಮದೇ ಮನೆಯ ತಾಯಿಯ ಹೆಸರು ಗೊತ್ತಿಲ್ಲದಿರುವುದು ಶರಣಮಾರ್ಗಕ್ಕೆ ಶೋಭೆಯಲ್ಲ.

ಇನ್ನು ಸಾಧನದ ಮಾತು. ವಂಶಾವಳಿ ಬರೆದಿಡುವುದಕ್ಕೆಂದೇ ರಚಿತವಾದ ತಂತ್ರಾಂಶಗಳಲ್ಲಿ ‘ಗ್ರಾಂಪ್ಸ್’ ಎಂಬುದೊಂದು. ೨೦೦೧ರಲ್ಲಿ ಆರಂಭವಾದ ಇದನ್ನು ಹಲವು ದೇಶಗಳ ಸ್ವಯಂಸೇವಕರು ಬೆಳೆಸಿಕೊಂಡು ಬಂದಿದ್ದಾರೆ. ಇದಕ್ಕೆ ಬೆಲೆಯಿಲ್ಲ, ಹಂಚಲು, ತಿದ್ದಲು ಅಡ್ಡಿಯಿಲ್ಲ. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ‘ಲಿನಕ್ಸ್’ ಸಹ ಇದೇ ಬಗೆಯದು. ತಮ್ಮ ಕಾಯಕದ ಫಲವನ್ನು ಬೆಲೆ ಕೇಳದೆ ಲೋಕಕ್ಕೆ ಬಡಿಸುವ ಈ ಕ್ರಮವನ್ನು ದಾಸೋಹವೆಂದು ಕರೆಯಲು ನಮಗೆ ಸಂಕೋಚವಿಲ್ಲ. ಗ್ರಾಂಪ್ಸ್ ವಿಂಡೋಸ್ ಗಣಕಯಂತ್ರಗಳಲ್ಲಿಯೂ ನಡೆಯುತ್ತದೆ. ಆದರೆ ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಮುಗಿದಿದೆ. ಮೂಲೆ ಸೇರಿದ ಅಂತಹ ಯಂತ್ರಗಳಿಗೆ ಲಿನಕ್ಸ್ ಮರುಜೀವ ಕೊಡಬಲ್ಲದು.

ಅಳವಡಿಸುವ ಕ್ರಮ ಹೀಗಿದೆ. ಹಳೆಯ ಯಂತ್ರದಲ್ಲಿರುವ ಭಾವಚಿತ್ರ, ಕಾಗದಪತ್ರಗಳನ್ನು ಮೊದಲು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು; ಈ ಹೆಜ್ಜೆಯನ್ನು ಯಾರೂ ಬಿಡಬಾರದು. ಲಿನಕ್ಸ್ ಮಿಂಟ್‌ನಂತಹ ಸರಳವಾದ ಒಂದು ಬಗೆಯನ್ನು ಆರಿಸಿಕೊಂಡರೆ, ೪ ಜಿಬಿ ಸ್ಮರಣಶಕ್ತಿಯುಳ್ಳ ಯಂತ್ರದಲ್ಲಿ ಅದು ನಿರಾಯಾಸವಾಗಿ ನಡೆಯುತ್ತದೆ. ಅದನ್ನು ಪೆನ್‌ಡ್ರೈವ್‌ನಲ್ಲಿ ಸಿದ್ಧಪಡಿಸಿ, ಅದರಿಂದಲೇ ಯಂತ್ರವನ್ನು ಆರಂಭಿಸಿ, ಪರದೆ, ಧ್ವನಿ, ಅಂತರ್ಜಾಲ ಸರಿಯಿವೆಯೇ ಎಂದು ನೋಡಿದ ಬಳಿಕವೇ ಸ್ಥಾಪಿಸಬಹುದು. ಕಾಲೇಜಿಗೆ ಹೋಗುವ ಮೊಮ್ಮಗನಿಗೋ ಮೊಮ್ಮಗಳಿಗೋ ಇದು ಒಂದು ಮಧ್ಯಾಹ್ನದ ಕೆಲಸ. ಆ ಬಳಿಕ ‘ಸಾಫ್ಟ್‌ವೇರ್ ಮ್ಯಾನೇಜರ್’ ತೆರೆದು, ಗ್ರಾಂಪ್ಸ್ ಎಂದು ಹುಡುಕಿ, ಸ್ಥಾಪಿಸುವ ಗುಂಡಿ ಒತ್ತಿದರೆ ಮುಗಿಯಿತು. ಅಲ್ಲಿ ಒಂದೇ ತಂತ್ರಾಂಶದ ಹಳೆಯ ಹಾಗೂ ಹೊಸ ಆವೃತ್ತಿಗಳು ಎರಡೂ ಕಾಣಬಹುದು. ಹೊಸ ಆವೃತ್ತಿಯಲ್ಲಿ ತೆರೆದ ವಂಶಾವಳಿ ಹಳೆಯದರಲ್ಲಿ ಮತ್ತೆ ತೆರೆಯದೆ ಹೋಗಬಹುದಾದ್ದರಿಂದ, ಅಣ್ಣತಮ್ಮಂದಿರ ಮನೆಗಳಲ್ಲಿ ಒಂದೇ ಆವೃತ್ತಿಯನ್ನು ಇಟ್ಟುಕೊಳ್ಳುವುದು ಲೇಸು. ಮೊದಲ ಬಾರಿ ಗ್ರಾಂಪ್ಸ್ ತೆರೆದಾಗ, ಮೊದಲ ಪಟ್ಟಿಯಿಂದ ಹೊಸ ವಂಶವೃಕ್ಷವೊಂದನ್ನು ರಚಿಸಿ ಅದನ್ನು ತೆರೆಯಬೇಕು. ಹೆಸರು ಕೊಟ್ಟು ತೆರೆಯದೆ ಬಿಟ್ಟವರಿಗೆ ಏನನ್ನೂ ಬರೆಯಲು ಬಾರದು.

ಕನ್ನಡದಲ್ಲಿಯೇ ಬರೆಯಬಹುದು, ಬರೆಯಬೇಕು. ಕೀಲಿಮಣೆಯ ವಿನ್ಯಾಸಗಳ ಪಟ್ಟಿಯಲ್ಲಿ ಕನ್ನಡವನ್ನು ಹುಡುಕಿದರೆ ಕಗಪ ವಿನ್ಯಾಸ ದೊರೆಯುತ್ತದೆ. ನುಡಿಯಲ್ಲಿ ಬೆರಳಚ್ಚು ಮಾಡಿದವರಿಗೆ ಇದು ಪರಿಚಿತ. ಅಕ್ಷರಗಳಿಗೆ ಗುಬ್ಬಿ, ನವಿಲು, ಲೋಹಿತ್ ಮುಂತಾದ ಮುಕ್ತ ಲಿಪಿಗಳಿವೆ. ನುಡಿ, ಬರಹಗಳ ಹಳೆಯ ಲಿಪಿಗಳಲ್ಲಿ ಸಿದ್ಧಪಡಿಸಿದ ಬರಹವನ್ನು ಮಾತ್ರ ಯುನಿಕೋಡ್‌ಗೆ ಪರಿವರ್ತಿಸದೆ ಇಲ್ಲಿ ಅಂಟಿಸಬಾರದು.

ಇಷ್ಟು ಸಿದ್ಧವಾದ ಮೇಲೆ ನಿಜವಾದ ಕೆಲಸ ಆರಂಭವಾಗುತ್ತದೆ. ಗ್ರಾಂಪ್ಸ್‌ನ ಒಂದು ಗುಣ ನಮಗೆ ವಿಶೇಷವಾಗಿ ಮೆಚ್ಚುಗೆಯಾಗಿದೆ. ಅದು ಪ್ರತಿಯೊಂದು ಕುಟುಂಬಕ್ಕೂ ತಂದೆಯ ಸ್ಥಾನವೊಂದು, ತಾಯಿಯ ಸ್ಥಾನವೊಂದು ಇಟ್ಟಿರುತ್ತದೆ. ತಾಯಿಯ ಹೆಸರು ಬರೆಯದಿದ್ದರೆ ಆ ಸ್ಥಾನ ಬರಿದಾಗಿಯೇ ಕಾಣುತ್ತದೆ. ಕಾಗದದ ಮೇಲೆ ಗಂಡಸರ ಹೆಸರುಗಳನ್ನು ಸಾಲಾಗಿ ಬರೆದಾಗ ಏನೂ ಕೊರತೆ ತೋರುವುದಿಲ್ಲ. ಇಲ್ಲಿ ಆ ಬರಿದಾದ ಚೌಕವೇ ‘ತಾಯಿ ಯಾರು?’ ಎಂದು ಪ್ರತಿದಿನ ಕೇಳುತ್ತದೆ. ಮದುವೆಯ ಬಳಿಕ ಸೊಸೆಯ ಹೆಸರನ್ನೇ ಬದಲಿಸುವ ಪದ್ಧತಿ ಕೆಲವು ಮನೆಗಳಲ್ಲುಂಟು. ಅಂತಹವರ ಹುಟ್ಟುಹೆಸರನ್ನೂ ತವರಿನ ಅಡ್ಡಹೆಸರನ್ನೂ ಮುಖ್ಯವಾಗಿ ಬರೆದು, ಮದುವೆಯ ಹೆಸರನ್ನು ಎರಡನೆಯದಾಗಿ ಸೇರಿಸಬಹುದು. ಎರಡೂ ಉಳಿಯುತ್ತವೆ.

ನಮ್ಮ ಕಡೆಯ ಸಂಬಂಧಗಳ ಹೆಣಿಗೆಯೂ ಇಲ್ಲಿ ಹಿಡಿಸುತ್ತದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟ ಮನೆಗಳಲ್ಲಿ ವಂಶವು ಮರದಂತಿರದೆ ಬಲೆಯಂತಿರುತ್ತದೆ. ಒಬ್ಬಾಕೆಯೇ ಒಂದು ದಾರಿಯಲ್ಲಿ ಮೊಮ್ಮಗಳು, ಇನ್ನೊಂದು ದಾರಿಯಲ್ಲಿ ಸೊಸೆ. ಕಾಗದದಲ್ಲಿ ಆಕೆಯನ್ನು ಎರಡೆಡೆ ಬರೆಯಬೇಕಾಗುತ್ತದೆ. ಇಲ್ಲಿ ಒಮ್ಮೆ ಬರೆದು ಎರಡೂ ಕಡೆಗೆ ಕೊಂಡಿ ಹಾಕಿದರೆ ಸಾಕು. ದತ್ತು ಹೋದ ಮಗನಿಗೆ ಹೆತ್ತವರನ್ನೂ ಸಾಕಿದವರನ್ನೂ ಬೇರೆಬೇರೆಯಾಗಿ ನಮೂದಿಸಬಹುದು. ಮುತ್ಯಾನ ಹೆಸರನ್ನೇ ಮೊಮ್ಮಗನಿಗಿಡುವ ನಮ್ಮಲ್ಲಿ ಒಂದೇ ಮನೆಯಲ್ಲಿ ಮೂವರು ಶರಣಪ್ಪಗಳಿದ್ದರೂ ಗೊಂದಲವಿಲ್ಲ. ಪ್ರತಿಯೊಬ್ಬರಿಗೂ ಬೇರೆ ಸಂಖ್ಯೆಯಿರುತ್ತದೆ. ಮಠ, ಬೆಡಗು, ಲಿಂಗದೀಕ್ಷೆಯಂತಹ ವಿವರಗಳಿಗೆ ನಾವೇ ಹೆಸರು ಕೊಟ್ಟು ಸ್ಥಾನ ಕಲ್ಪಿಸಿಕೊಳ್ಳಬಹುದು. ಇಂಗ್ಲಿಷಿನ ‘ಅಂಕಲ್’ ಎಂಬ ಒಂದೇ ಶಬ್ದದಲ್ಲಿ ದೊಡ್ಡಪ್ಪ, ಕಾಕಾ, ಮಾಮಾ ಮೂವರೂ ಅಡಗಿಹೋಗುವುದರಿಂದ, ಸಂಬಂಧಗಳ ಹೆಸರನ್ನು ಮಕ್ಕಳಿಗೆ ಹೇಳಿಕೊಡುವ ಹೊಣೆ ಮಾತ್ರ ಹಿರಿಯರದೇ.

ಕಾಲನಿರ್ಣಯದಲ್ಲಿ ಎಚ್ಚರ ಬೇಕು. ನಮ್ಮ ಮೂರೂ ತಾಲೂಕುಗಳು ನಿಜಾಮರ ರಾಜ್ಯದಲ್ಲಿದ್ದುದರಿಂದ ಹಳೆಯ ಕಾಗದಗಳಲ್ಲಿ ಉರ್ದು ಭಾಷೆಯೂ ಫಸಲಿ ವರ್ಷವೂ ಕಾಣುತ್ತವೆ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ತಿಂಗಳಲ್ಲಿ ಆರಂಭವಾಗುತ್ತಿತ್ತು. ಫಸಲಿ ೧೩೫೭ ಎಂದರೆ ೧೯೪೭ರ ಅಕ್ಟೋಬರ್‌ನಿಂದ ಒಂದು ವರ್ಷ. ಹೆಚ್ಚಿನ ಹಿರಿಯರು ಸಂವತ್ಸರದ ಹೆಸರು ಹೇಳುತ್ತಾರೆ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. ಪ್ರಭವ ಸಂವತ್ಸರ ೧೯೨೭ರಲ್ಲಿಯೂ ಬಂತು, ೧೯೮೭ರಲ್ಲಿಯೂ ಬಂತು. ಅಜ್ಜಿಯ ಸಂವತ್ಸರವನ್ನು ಮೊಮ್ಮಗಳದೆಂದು ತಿಳಿಯುವ ಅಪಾಯ ಇಲ್ಲಿದೆ. ಗ್ರಾಂಪ್ಸ್‌ನಲ್ಲಿ ‘ಸುಮಾರು’, ‘ಮೊದಲು’, ‘ಅನಂತರ’, ‘ಇಂದ ಇದರೊಳಗೆ’ ಎಂದು ದಿನಾಂಕ ಕೊಡುವ ಅವಕಾಶವಿರುವುದರಿಂದ, ಖಚಿತವಲ್ಲದುದನ್ನು ಖಚಿತವೆಂದು ಬರೆಯುವ ಅಗತ್ಯವಿಲ್ಲ. ಹೇಳಿದವರ ಮಾತನ್ನು ಟಿಪ್ಪಣಿಯಲ್ಲಿ ಹಾಗೆಯೇ ಉಳಿಸಬೇಕು. ಏನೂ ನೆನಪಿಲ್ಲದವರಿಗೆ, ರಜಾಕಾರರ ಹಾವಳಿಗೆ ಮೊದಲೋ ಅನಂತರವೋ, ೧೯೭೨ರ ಬರಗಾಲದಲ್ಲೋ, ೧೯೯೩ರ ಸೆಪ್ಟೆಂಬರ್ ೩೦ರ ಕಿಲ್ಲಾರಿ ಭೂಕಂಪದ ಹೊತ್ತಿಗೆ ಕೂಸು ಎಷ್ಟು ದೊಡ್ಡದಿತ್ತೋ ಎಂದು ಕೇಳಿದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಊರುಗಳಿಗೂ ಚರಿತ್ರೆಯಿದೆ. ನೂರು ವರ್ಷದ ಹಿಂದೆ ಆಳಂದದಲ್ಲಿ ಹುಟ್ಟಿದವರು ಹೈದರಾಬಾದ್ ರಾಜ್ಯದ ಪ್ರಜೆಗಳು. ೧೯೫೬ರ ನವೆಂಬರ್ ೧ರಿಂದ ಅದೇ ಊರು ಮೈಸೂರು ರಾಜ್ಯದ್ದು, ೧೯೭೩ರಿಂದ ಕರ್ನಾಟಕದ್ದು. ಜಿಲ್ಲೆಯ ಗುಲಬರ್ಗಾ ಎಂಬ ಹೆಸರು ೨೦೧೪ರಲ್ಲಿ ಕಲಬುರಗಿ ಆಯಿತು. ಜೇವರ್ಗಿಯಲ್ಲಿದ್ದ ಯಡ್ರಾಮಿ ಈಗ ತಾನೇ ಒಂದು ತಾಲೂಕು. ಗ್ರಾಂಪ್ಸ್‌ನಲ್ಲಿ ಒಂದು ಊರಿಗೆ ಕಾಲಕ್ಕೆ ತಕ್ಕ ಹೆಸರುಗಳನ್ನೂ ಅದು ಸೇರಿದ್ದ ಆಡಳಿತವನ್ನೂ ಬರೆಯಬಹುದು. ಭಾಷಾವಾರು ಗಡಿ ಬಿದ್ದರೂ ಬೀಗತನ ನಿಲ್ಲಲಿಲ್ಲ. ಅಕ್ಕಲಕೋಟೆ, ಸೊಲ್ಲಾಪುರಗಳ ಕಡೆ ಕೊಟ್ಟ ಹೆಣ್ಣುಮಕ್ಕಳ ಮನೆಗಳಲ್ಲಿ ನಮ್ಮ ವಂಶಾವಳಿಯ ಅರ್ಧ ಪುಟಗಳು ಇಂದಿಗೂ ಇವೆ. ಅವನ್ನು ಕೇಳಿ ಪಡೆಯಬೇಕು.

ಪ್ರತಿಯೊಂದು ಸಂಗತಿಗೂ ಆಧಾರ ಬರೆಯಲು ಈ ತಂತ್ರಾಂಶದಲ್ಲಿ ಸ್ಥಾನವಿದೆ; ಅದು ಎಷ್ಟು ನಂಬತಕ್ಕದ್ದು ಎಂಬುದಕ್ಕೆ ಐದು ದರ್ಜೆಗಳೂ ಇವೆ. ಲಗ್ನಪತ್ರಿಕೆ, ಹೊಲದ ಪತ್ರ, ಶಾಲೆಯ ದಾಖಲೆ, ಅಜ್ಜಿಯ ಬಾಯಿಮಾತು, ಇವೆಲ್ಲ ಆಧಾರಗಳೇ. ಶಾಲೆಗೆ ಸೇರಿಸುವಾಗ ಗುರುಗಳು ಬರೆದುಕೊಂಡ ಜೂನ್ ೧ ನಮ್ಮಲ್ಲಿ ಎಷ್ಟೋ ಜನರ ಜನ್ಮದಿನವಾಗಿ ಕುಳಿತಿದೆ. ಅದನ್ನು ಬರೆಯಬಹುದು, ಕೆಳಗಿನ ದರ್ಜೆ ಕೊಟ್ಟು. ಲಿಖಿತವೆಂಬ ಕಾರಣಕ್ಕೆ ಅಜ್ಜಿಯ ಮಾತಿಗಿಂತ ಅದು ಮೇಲಾಗುವುದಿಲ್ಲ.

ಕೆಲವು ಎಚ್ಚರಿಕೆಗಳು. ಮನೆಯಲ್ಲಿ ಮುದ್ರಿಸಿದ ವಂಶವೃಕ್ಷ ಸರಕಾರಿ ಪ್ರಮಾಣಪತ್ರವಲ್ಲ. ಅದಕ್ಕೆ ನಾಡಕಚೇರಿಯ ದಾರಿಯೇ ಬೇರೆ. ಆದರೆ ಅಲ್ಲಿಗೆ ಅರ್ಜಿ ಕೊಡುವಾಗ ಯಾರ ಹೆಸರೂ ಬಿಟ್ಟುಹೋಗದಂತೆ ಇದು ಕಾಯುತ್ತದೆ. ಬದುಕಿರುವವರ ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ಹಂಚಬಾರದು. ಖಾಸಗಿಯೆಂದು ಗುರುತಿಸುವ, ಬದುಕಿರುವವರನ್ನು ಬಿಟ್ಟು ನಕಲು ತೆಗೆಯುವ ಸೌಲಭ್ಯಗಳಿವೆ. ಆಧಾರ್ ಸಂಖ್ಯೆಯನ್ನು ಬರೆಯಲೇಬೇಡಿ. ಹೊರದೇಶದ ಮಗನ ಬಳಿ ಬೇರೆ ತಂತ್ರಾಂಶವಿದ್ದರೆ ‘ಗೆಡ್‌ಕಾಮ್’ ರೂಪದಲ್ಲಿ ಕಳಿಸಬಹುದು. ನಕಲುಗಳು ಎರಡಿರಲಿ; ಒಂದು ಊರ ಮನೆಯಲ್ಲಿ, ಇನ್ನೊಂದು ಮಗಳ ಮನೆಯಲ್ಲಿ.

ಯಂತ್ರ ಕಾಯಬಲ್ಲದು, ತಂತ್ರಾಂಶ ನಾಳೆಯೂ ದೊರೆಯುತ್ತದೆ. ಎಂಬತ್ತು ದಾಟಿದ ಆಯಿಯ ನೆನಪು ಕಾಯುವುದಿಲ್ಲ. ಆದ್ದರಿಂದ ಗಣಕಯಂತ್ರ ಸಿದ್ಧವಾಗುವವರೆಗೆ ಸುಮ್ಮನಿರಬೇಡಿ. ಒಂದು ನೋಟುಬುಕ್ಕು ಹಿಡಿದು ಮನೆಯ ಅತ್ಯಂತ ಹಿರಿಯ ತಾಯಿಯ ಬಳಿ ಕುಳಿತು, ಆಕೆಯ ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು, ಅವರ ತವರೂರುಗಳು, ಇಷ್ಟನ್ನು ಮೊದಲು ಬರೆದುಕೊಳ್ಳಿರಿ. ಗಂಡಸರ ಹೆಸರುಗಳು ಹೇಗೂ ಪಹಣಿಯಲ್ಲಿವೆ. ತಾಯಂದಿರ ಹೆಸರುಗಳು ಆ ಒಬ್ಬಳಲ್ಲಿ ಮಾತ್ರ ಉಳಿದಿರಬಹುದು.