ಹಳೆಯ ರೇಡಿಯೋದ ನೆನಪು: ಗಡಿನಾಡು ಕಳೆದುಕೊಂಡದ್ದು ಬರೀ ಹಾಡನ್ನೇ?

ಕಾಸರಗೋಡು: ಬೆಳಗಿನ ಜಾವ ತಂಬೂರದ ಶ್ರುತಿಯ ಮೇಲೆ ವಯೊಲಿನ್ ಮೆಲ್ಲನೆ ಏಳುವ ಆ ಕೆಲವು ಕ್ಷಣಗಳ ನಾದ ಕೇಳಿದರೆ ಸಾಕು, ಐವತ್ತು ದಾಟಿದ ಯಾರೇ ಆದರೂ ಒಂದು ಗಳಿಗೆ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಾರೆ. ಆಕಾಶವಾಣಿಯ ಆ ಸಿಗ್ನೇಚರ್ ಟ್ಯೂನ್ ಈಗ ಮೊಬೈಲಿನಲ್ಲಿ ರಿಂಗ್‌ಟೋನ್ ಆಗಿದೆ, ವಾಟ್ಸ್‌ಆಪ್ ಗುಂಪುಗಳಲ್ಲಿ "ನೆನಪಿದೆಯೇ?" ಎಂಬ ಪ್ರಶ್ನೆಯೊಂದಿಗೆ ಸುತ್ತುತ್ತಿದೆ. ಪ್ರತಿ ವರ್ಷ ಫೆಬ್ರವರಿ 13ರ ವಿಶ್ವ ರೇಡಿಯೋ ದಿನ ಬಂತೆಂದರೆ ಈ ನೆನಪಿನ ಮೆರವಣಿಗೆ ಇನ್ನಷ್ಟು ಜೋರು. 2024ರ ಫೆಬ್ರವರಿ 20ರಂದು 'ಬಿನಾಕಾ ಗೀತ್‌ಮಾಲಾ'ದ ಅಮೀನ್ ಸಯಾನಿ ತೀರಿಕೊಂಡಾಗಲಂತೂ ಹಿಂದಿ ಬಾರದ ಮನೆಗಳಲ್ಲೂ ಆ ದನಿಯ ಬಗ್ಗೆ ಮಾತಾಯಿತು.

ಹಳೆಯದರ ಮೇಲಿನ ಮೋಹ ಎಲ್ಲ ಕಡೆಯೂ ಇರುವಂಥದ್ದೇ. ಆದರೆ ಮಂಜೇಶ್ವರದಿಂದ ತಾಳವಾಡಿಯವರೆಗೆ, ಅಕ್ಕಲಕೋಟೆಯಿಂದ ಮಡಕಶಿರದವರೆಗೆ ಹರಡಿರುವ ಗಡಿನಾಡ ಕನ್ನಡಿಗರ ರೇಡಿಯೋ ನೆನಪಿನಲ್ಲಿ ಇನ್ನೊಂದು ಎಳೆ ಇದೆ. ಅದನ್ನು ಬಿಡಿಸಿ ನೋಡುವ ಅಗತ್ಯ ಈಗ ಬಂದಿದೆ. ಏಕೆಂದರೆ ರೇಡಿಯೋ ತಂತ್ರಜ್ಞಾನ ಬದಲಾಗುತ್ತಿದ್ದು, ಯಾವ ಊರಿಗೆ ಯಾವ ಭಾಷೆಯ ದನಿ ಮುಟ್ಟಬೇಕು ಎಂಬ ತೀರ್ಮಾನಗಳು ಸದ್ದಿಲ್ಲದೆ ಆಗುತ್ತಿವೆ.

ಗಡಿ ದಾಟಿ ಬಂದ ದನಿ

ರೇಡಿಯೋದ ಸುವರ್ಣಯುಗ ಎಂದು ಕರೆಯುವ ಕಾಲದ ಬುಡದಲ್ಲೇ ಗಡಿಯ ಕಥೆಯೊಂದಿದೆ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಶಾಸ್ತ್ರೀಯ ಸಂಗೀತದ ಮೇಲೆ ಅಪಾರ ಪ್ರೀತಿ, ಚಿತ್ರಗೀತೆಗಳ ಮೇಲೆ ಅಷ್ಟೇ ತಾತ್ಸಾರ. ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಹೆಚ್ಚುಕಡಿಮೆ ಮಾಯವಾದವು. ಕೇಳುಗರು ಸುಮ್ಮನಿದ್ದರೇ? ರೇಡಿಯೋದ ಮುಳ್ಳು ತಿರುಗಿಸಿ ಕೊಲಂಬೋಗೆ ಹೋದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಿತ್ರಪಡೆಗಳು ಸೈನಿಕರಿಗಾಗಿ ಅಲ್ಲಿ ಹಾಕಿದ್ದ ಪ್ರಬಲ ಕಿರುತರಂಗ ಪ್ರೇಷಕ ಯುದ್ಧದ ನಂತರ ಸಿಲೋನ್ ಸರಕಾರದ ಕೈಗೆ ಬಂದಿತ್ತು. ಅದೇ ರೇಡಿಯೋ ಸಿಲೋನ್. 1952ರ ಕೊನೆಯಲ್ಲಿ ಬಿನಾಕಾ ಗೀತ್‌ಮಾಲಾ ಶುರುವಾದದ್ದು ಅಲ್ಲಿಂದಲೇ. ಬೆಳಿಗ್ಗೆ ಹಳೆಯ ಚಿತ್ರಗಳ ಹಾಡುಗಳ ಕಾರ್ಯಕ್ರಮ ಕೆ.ಎಲ್. ಸೈಗಲ್ ಹಾಡಿನೊಂದಿಗೆ ಮುಗಿಯುತ್ತಿತ್ತು. ಕನ್ನಡ ಚಿತ್ರಗೀತೆಗಳೂ ಅಲ್ಲಿಂದ ತೇಲಿ ಬರುತ್ತಿದ್ದವು ಎಂಬುದನ್ನು ಹಿರಿಯರು ಈಗಲೂ ನೆನೆಯುತ್ತಾರೆ.

ದೆಹಲಿ ಪಾಠ ಕಲಿಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾಯಿತು. 1967ರಿಂದ ಅದರಲ್ಲಿ ಜಾಹೀರಾತುಗಳೂ ಬಂದವು. ಸೋಪು, ವಾಷಿಂಗ್ ಪೌಡರ್, ಟೂತ್‌ಪೇಸ್ಟ್‌ಗಳ ಜಿಂಗಲ್‌ಗಳು ಮಕ್ಕಳ ಬಾಯಲ್ಲಿ ಮಗ್ಗಿಗಿಂತ ಸಲೀಸಾಗಿ ಓಡಾಡಿದವು. ಆ ವಸ್ತು ಅಂಗಡಿಗೆ ಬರುವ ಮೊದಲೇ ಅದರ ಹಾಡು ಊರಿಗೆ ಬಂದಿರುತ್ತಿತ್ತು!

ಒಂದು ಸರಕಾರ ಬಾಗಿಲು ಹಾಕಿದಾಗ ಕೇಳುಗ ಇನ್ನೊಂದು ದೇಶದ ಬಾಗಿಲು ತಟ್ಟಿದ. ಅಲೆಗೆ ಪಾಸ್‌ಪೋರ್ಟ್ ಬೇಕಿರಲಿಲ್ಲ. ಈ ಮಾತು ದೇಶದ ಗಡಿಗಿಂತ ಹೆಚ್ಚಾಗಿ ಅನ್ವಯಿಸಿದ್ದು ರಾಜ್ಯದ ಗಡಿಗೆ.

1956ರ ಗೆರೆ ಮತ್ತು ಮಧ್ಯಮ ತರಂಗ

1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳ ಗೆರೆ ಎಳೆದಾಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅಕ್ಕಲಕೋಟೆ, ಜತ್ತ, ಆದೋನಿ, ರಾಯದುರ್ಗ, ಹೊಸೂರು, ತಾಳವಾಡಿಗಳ ಕನ್ನಡಿಗರೂ ಗೆರೆಯ ಆಚೆಗೇ ಉಳಿದರು. ಕಚೇರಿ ಕಾಗದ ಬೇರೆ ಭಾಷೆಗೆ ತಿರುಗಿತು, ಬಸ್ಸಿನ ಬೋರ್ಡು ಬದಲಾಯಿತು, ಶಾಲೆಯಲ್ಲಿ ಕನ್ನಡಕ್ಕಾಗಿ ಹೋರಾಡಬೇಕಾಯಿತು. ಆದರೆ ರೇಡಿಯೋದಲ್ಲಿ ಆ ಗೆರೆ ಇರಲಿಲ್ಲ.

ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಆರಂಭಿಸಿದ ಪ್ರಸಾರದಿಂದ ಕನ್ನಡ ರೇಡಿಯೋದ ಕಥೆ ಶುರುವಾಗುತ್ತದೆ. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ಹೋದದ್ದು ಅಲ್ಲಿಂದಲೇ. 2023ರಲ್ಲಿ 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರನ್ನು ಸಂಪೂರ್ಣ ಕೈಬಿಟ್ಟು ಅದೊಂದನ್ನೇ ಉಳಿಸಿಕೊಳ್ಳುವ ಆದೇಶವಾಯಿತು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, 1965ರಲ್ಲಿ ಭದ್ರಾವತಿ, 1966ರಲ್ಲಿ ಕಲಬುರಗಿ, 1976ರಲ್ಲಿ ಮಂಗಳೂರು ಕೇಂದ್ರಗಳು ಬಂದವು. ಬೆಂಗಳೂರು 612, ಭದ್ರಾವತಿ 675, ಧಾರವಾಡ 765, ಮಂಗಳೂರು 1089, ಕಲಬುರಗಿ 1107. ಈ ಅಂಕಿಗಳು ಒಂದು ತಲೆಮಾರಿಗೆ ಬಾಯಿಪಾಠ. ಜತ್ತದ ರೈತ ಧಾರವಾಡದ ಕೃಷಿ ಕಾರ್ಯಕ್ರಮ ಕೇಳಿದ, ಆದೋನಿಯವನು ಕಲಬುರಗಿಯ ವಚನ ಕೇಳಿದ, ಹೊಸೂರಿನ ಮನೆಗೆ ಬೆಂಗಳೂರಿನ 'ಪ್ರದೇಶ ಸಮಾಚಾರ' ಬಂತು, ಕುಂಬಳೆಯ ಜಗಲಿಯಲ್ಲಿ ಮಂಗಳೂರಿನ ಯಕ್ಷಗಾನ ತಾಳಮದ್ದಲೆ ಮೊಳಗಿತು.

ಇದು ಸಾಧ್ಯವಾದದ್ದು ಯಾರದೋ ದೊಡ್ಡತನದಿಂದಲ್ಲ, ಮಧ್ಯಮ ತರಂಗದ ಸ್ವಭಾವದಿಂದ. ಈ ಅಲೆ ನೆಲಕ್ಕೆ ಅಂಟಿಕೊಂಡು ಗುಡ್ಡ ಕಣಿವೆ ಬಳಸಿಕೊಂಡು ನೂರಾರು ಕಿಲೋಮೀಟರ್ ಹೋಗಬಲ್ಲದು. ರಾತ್ರಿಯಾದರೆ ಮೇಲಿನ ಅಯಾನುಮಂಡಲಕ್ಕೆ ತಾಗಿ ಪ್ರತಿಫಲಿಸಿ ಇನ್ನೂ ದೂರ ಬೀಳುತ್ತದೆ. ಹಗಲು ಕೇಳದ ಸ್ಟೇಷನ್ ರಾತ್ರಿ ಕೇಳುತ್ತಿದ್ದ ಗುಟ್ಟು ಇದೇ. ಗೊರಗೊರ ಸದ್ದಿದ್ದರೂ ದನಿ ತಲುಪುತ್ತಿತ್ತು.

ಎಫ್‌ಎಂ ಹಾಗಲ್ಲ. ಅದರ ಅಲೆ ನೇರ ದೃಷ್ಟಿಯಲ್ಲಿ ಸಾಗುತ್ತದೆ. ದನಿ ಸ್ಫಟಿಕದಷ್ಟು ಶುಭ್ರ, ಆದರೆ ಗುಡ್ಡ ಅಡ್ಡ ಬಂದರೆ ಮುಗಿಯಿತು. ಪಶ್ಚಿಮ ಘಟ್ಟದ ಮಗ್ಗುಲಲ್ಲಿರುವ ವಯನಾಡು, ನೀಲಗಿರಿ, ಕಾಸರಗೋಡಿನ ಒಳನಾಡುಗಳಲ್ಲಿ ಎಫ್‌ಎಂ ಹಿಡಿಯಲು ಮನೆಯ ಯಾವ ಮೂಲೆ ಒಳ್ಳೆಯದು ಎಂದು ಹುಡುಕಬೇಕಾದ ಸ್ಥಿತಿ. ನಗರದವನಿಗೆ ಬಡ್ತಿಯಾದ ಬದಲಾವಣೆ ಗಡಿಯವನಿಗೆ ಹಿಂಬಡ್ತಿಯಾಗುವುದು ಇಲ್ಲಿಯೇ.

ಈಗ ಏನಾಗುತ್ತಿದೆ?

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ದೇಶದ ಹಲವು ಮಧ್ಯಮ ತರಂಗ ಪ್ರೇಷಕಗಳು ಮೌನವಾಗಿವೆ. ದೇಶದೊಳಗಿನ ಕಿರುತರಂಗ ಪ್ರಸಾರ ಬಹುತೇಕ ಮುಗಿದ ಅಧ್ಯಾಯ. ರಾತ್ರಿಯಿಡೀ ಹಾಡು ಕೇಳಿಸುತ್ತಿದ್ದ ನ್ಯಾಷನಲ್ ಚಾನೆಲ್ ಮುಚ್ಚುವ ಆದೇಶ 2018ರ ಡಿಸೆಂಬರ್‌ನಲ್ಲಿ ಹೊರಬಿತ್ತು. ಹಳೆಯ ಪ್ರೇಷಕಗಳಿಗೆ ವಿದ್ಯುತ್ ವೆಚ್ಚ ಹೆಚ್ಚು, ಬಿಡಿಭಾಗ ಸಿಗುವುದಿಲ್ಲ ಎಂಬ ಕಾರಣದಲ್ಲಿ ಸತ್ಯವಿದೆ. ಮೂವತ್ತಕ್ಕೂ ಹೆಚ್ಚು ಮಧ್ಯಮ ತರಂಗ ಪ್ರೇಷಕಗಳನ್ನು ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿಗೆ ಸಜ್ಜುಗೊಳಿಸಲಾಯಿತು. ಆದರೆ ಅದನ್ನು ಹಿಡಿಯುವ ರೇಡಿಯೋ ಸೆಟ್ಟು ಹಳ್ಳಿಯ ಅಂಗಡಿಯಲ್ಲಿ ಸಿಕ್ಕರೆ ತಾನೇ?

ಮೊಬೈಲ್ ಆಪ್‌ನಲ್ಲಿ ಎಲ್ಲ ಕೇಂದ್ರಗಳೂ ಸಿಗುತ್ತವೆ ಎಂಬುದು ಮಾಮೂಲಿ ಉತ್ತರ. ಸಿಗುತ್ತವೆ, ನಿಜ. ದುಬೈಯಲ್ಲಿರುವ ಕಾಸರಗೋಡಿಗನೂ ಇಂದು ಮಂಗಳೂರು ಕೇಂದ್ರವನ್ನು ಕೇಳಬಹುದು. ಇದು ಸಣ್ಣ ಲಾಭವಲ್ಲ. ಆದರೆ ಆಪ್‌ಗೆ ಡೇಟಾ ಬೇಕು, ಟವರ್ ಬೇಕು, ಬ್ಯಾಟರಿ ಬೇಕು. ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋದಾಗ ಈ ಮೂರೂ ಇರುವುದಿಲ್ಲ. ಎರಡು ಸೆಲ್ಲಿನ ಟ್ರಾನ್ಸಿಸ್ಟರ್ ಮಾತ್ರ ಮಾತಾಡುತ್ತಿರುತ್ತದೆ. ಮೊಬೈಲ್ ಫೋನುಗಳಲ್ಲಿ ಎಫ್‌ಎಂ ಸೌಲಭ್ಯವನ್ನು ತೆಗೆಯಬೇಡಿ ಎಂದು 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರವೇ ತಯಾರಕರಿಗೆ ಸೂಚಿಸಬೇಕಾಗಿ ಬಂದದ್ದು, ವಿಪತ್ತಿನ ಹೊತ್ತಿನಲ್ಲಿ ರೇಡಿಯೋದ ಅಗತ್ಯವನ್ನು ಒಪ್ಪಿಕೊಂಡಂತೆ.

ಇತ್ತ ನೆನಪಿಗೂ ಮಾರುಕಟ್ಟೆ ಸಿಕ್ಕಿದೆ. 2017ರಲ್ಲಿ ಹಳೆಯ ಟ್ರಾನ್ಸಿಸ್ಟರ್ ರೂಪದ 'ಕಾರವಾನ್' ಪೆಟ್ಟಿಗೆ ಸಾವಿರಾರು ಹಳೆಯ ಹಾಡುಗಳನ್ನು ತುಂಬಿಕೊಂಡು ಬಂದು ಭರ್ಜರಿಯಾಗಿ ಖರ್ಚಾಯಿತು. ಅಪ್ಪ ಅಮ್ಮನಿಗೆ ಉಡುಗೊರೆ ಕೊಡಲು ಒಳ್ಳೆಯ ವಸ್ತು. ಆದರೆ ಆ ಪೆಟ್ಟಿಗೆಯ ಹಾಡು ಯಾರ ಕೋರಿಕೆಯೂ ಅಲ್ಲ. ಕಾರ್ಡು ಬರೆದು, ಹೆಸರು ಬರುತ್ತದೆಯೋ ಇಲ್ಲವೋ ಎಂದು ವಾರಗಟ್ಟಲೆ ಕಾದು, ಕೊನೆಗೊಂದು ಸಂಜೆ ಉದ್ಘೋಷಕಿ ಮನೆಯವರೆಲ್ಲರ ಹೆಸರಿನ ಜೊತೆ ಊರಿನ ಹೆಸರನ್ನೂ ಓದಿದಾಗ ಆಗುತ್ತಿದ್ದ ಸಂಭ್ರಮ ಅದರಲ್ಲಿ ಇಲ್ಲ.

ಊರಿನ ಹೆಸರು ಓದುವುದು ಸಣ್ಣ ಸಂಗತಿಯೇ?

ಗಡಿನಾಡಿನ ಮಟ್ಟಿಗೆ ಖಂಡಿತ ಅಲ್ಲ. 2021ರ ಜೂನ್‌ನಲ್ಲಿ ಕಾಸರಗೋಡಿನ ಕೆಲವು ಊರುಗಳ ಕನ್ನಡ ಹೆಸರುಗಳನ್ನು ಮಲಯಾಳೀಕರಿಸಲಾಗುತ್ತಿದೆ ಎಂಬ ಆತಂಕ ಎದ್ದಾಗ ಕರ್ನಾಟಕದ ನಾಯಕರು ಕೇರಳ ಮುಖ್ಯಮಂತ್ರಿಗೆ ಪತ್ರ ಬರೆದರು. ಅಂಥ ತೀರ್ಮಾನ ಆಗಿಲ್ಲ ಎಂದು ಕೇರಳದ ಕಡೆಯಿಂದ ಸ್ಪಷ್ಟನೆಯೂ ಬಂತು. ವಿವಾದ ತಣ್ಣಗಾಯಿತು. ಆದರೆ ಆ ಕಳವಳ ಎಲ್ಲಿಂದ ಹುಟ್ಟುತ್ತದೆ? ತನ್ನ ಊರಿನ ಹೆಸರನ್ನು ತನ್ನ ಬಾಯಿಯ ಉಚ್ಚಾರದಲ್ಲೇ ಬೇರೆಯವರು ಹೇಳುವುದನ್ನು ಕೇಳುವ ಅವಕಾಶ ಕಡಿಮೆಯಾದಾಗ ಹುಟ್ಟುತ್ತದೆ. ಮುಳ್ಳೇರಿಯ, ಬದಿಯಡ್ಕ, ಪೈವಳಿಕೆ ಎಂದು ರೇಡಿಯೋ ಹೇಳುತ್ತಿದ್ದಾಗ ಆ ಹೆಸರಿಗೆ ದಿನವೂ ಒಂದು ಸಾಕ್ಷಿ ಸಿಗುತ್ತಿತ್ತು.

ಹಾಗೆಂದು ಹಳೆಯ ಕಾಲವೆಲ್ಲ ಚಿನ್ನ ಎನ್ನುವುದೂ ಸರಿಯಲ್ಲ. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು. ಎಷ್ಟೋ ಊರುಗಳಲ್ಲಿ ಒಂದೆರಡು ಮನೆಗಳಲ್ಲಿ ಮಾತ್ರ ಸೆಟ್ಟು, ಎಲ್ಲರಿಗೂ ಅಲ್ಲಿ ಒಳಗೆ ಪ್ರವೇಶವೂ ಇರಲಿಲ್ಲ. ಸುದ್ದಿ ಎಂದರೆ ಸರಕಾರದ ಸುದ್ದಿ. 1975ರ ತುರ್ತು ಪರಿಸ್ಥಿತಿಯಲ್ಲಿ ಅದರ ರುಚಿ ಎಲ್ಲರಿಗೂ ಸಿಕ್ಕಿತ್ತು. ಗಡಿಯ ಕನ್ನಡಿಗ ಕೇಳುಗನಾಗಿದ್ದನೇ ಹೊರತು ಅವನ ಸಮಸ್ಯೆ ಅಲ್ಲಿ ವಿಷಯವಾದದ್ದು ಅಪರೂಪ. ಇಂದು ಯೂಟ್ಯೂಬ್‌ನಲ್ಲಿ ಹಳ್ಳಿಯ ಹುಡುಗನೂ ತನ್ನ ಭಾಷೆಯಲ್ಲಿ ಮಾತಾಡಬಲ್ಲ. ಈ ಬದಲಾವಣೆಯನ್ನು ಮರೆತು ಬರೀ ನಿಟ್ಟುಸಿರು ಬಿಟ್ಟರೆ ಪ್ರಯೋಜನವಿಲ್ಲ.

ಕಾನೂನು ಏನು ಹೇಳುತ್ತದೆ?

ಅಲೆಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ನೀಡಿದೆ. 1990ರ ಪ್ರಸಾರ ಭಾರತಿ ಕಾಯ್ದೆ, ಪ್ರಸಾರದಲ್ಲಿ ದೇಶದ ವಿವಿಧ ಪ್ರದೇಶಗಳ ಭಾಷೆ ಮತ್ತು ಸಂಸ್ಕೃತಿಗಳಿಗೆ ತಕ್ಕ ಸ್ಥಾನ ಇರಬೇಕು ಎನ್ನುತ್ತದೆ. ಅದೇ ಕಾಯ್ದೆ ಪ್ರತಿ ರಾಜ್ಯದಲ್ಲೂ ಆ ರಾಜ್ಯದ ಭಾಷೆಗಳಲ್ಲಿ ಪ್ರಾದೇಶಿಕ ಪ್ರಸಾರ ಎಂದೂ ಹೇಳುತ್ತದೆ. 'ರಾಜ್ಯದ ಭಾಷೆಗಳು' ಎಂಬ ಬಹುವಚನದಲ್ಲಿ ಕೇರಳದ ಕನ್ನಡ, ಮಹಾರಾಷ್ಟ್ರದ ಕನ್ನಡ, ಆಂಧ್ರದ ಕನ್ನಡ ಸೇರುತ್ತದೆಯೇ? ಪ್ರೇಷಕ ದೂರಕ್ಕೆ ಹೋಗುತ್ತಿದ್ದ ಕಾಲದಲ್ಲಿ ಈ ಪ್ರಶ್ನೆ ಕೇಳುವ ಅಗತ್ಯ ಬೀಳಲಿಲ್ಲ. ಎಫ್‌ಎಂ ಕಾಲದಲ್ಲಿ ಕೇಳಲೇಬೇಕು.

ಅವಕಾಶಗಳೂ ಇವೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಪಟ್ಟಣಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ನೀಡಿದಾಗ ಮಾತೃಭಾಷೆಯಲ್ಲಿ ಸ್ಥಳೀಯ ಕಾರ್ಯಕ್ರಮ ಎಂಬ ಉದ್ದೇಶವನ್ನೇ ಮುಂದಿಟ್ಟಿತ್ತು. ಆದರೆ ಖಾಸಗಿಯವರು ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನಷ್ಟೇ ಮರುಪ್ರಸಾರ ಮಾಡಬಹುದು. ಜಾಹೀರಾತಿನ ಲೆಕ್ಕದಲ್ಲಿ ಗಡಿಯ ಅಲ್ಪಸಂಖ್ಯಾತ ಭಾಷೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸಮುದಾಯ ರೇಡಿಯೋ ಇನ್ನೊಂದು ದಾರಿ. ಆಂಧ್ರ, ತಮಿಳುನಾಡು ಗಡಿಗಳಿಗೆ ಹತ್ತಿರವಿರುವ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಪ್ರಸಾರದ ಪರವಾನಗಿಯೇ ಸಿಗದಿದ್ದ 2000ದ ದಶಕದ ಆರಂಭದಲ್ಲಿ ಗ್ರಾಮಸ್ಥರು ಕೇಬಲ್ ತಂತಿಯ ಮೂಲಕ 'ನಮ್ಮ ಧ್ವನಿ'ಯನ್ನು ಮನೆಮನೆಗೆ ಮುಟ್ಟಿಸಿದರು. 2006ರ ನೀತಿಯ ನಂತರ ಸಂಘಸಂಸ್ಥೆಗಳಿಗೂ ಪರವಾನಗಿ ಸಾಧ್ಯವಾಯಿತು. ವಯನಾಡಿನ ಮಾನಂದವಾಡಿಯಲ್ಲಿ 'ಮಾಟ್ಟೊಲಿ' ಆದಿವಾಸಿ ಭಾಷೆಗಳಿಗೆ ಜಾಗ ಕೊಟ್ಟಿತು, ಮಂಗಳೂರಿನ ಕಾಲೇಜೊಂದರ 'ಸಾರಂಗ್' ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲೂ ಮಾತಾಡಿತು. ಹತ್ತು ಹದಿನೈದು ಕಿಲೋಮೀಟರ್ ವ್ಯಾಪ್ತಿಯ ಇಂಥ ಪುಟ್ಟ ಕೇಂದ್ರ ಗಡಿಯ ಪಂಚಾಯತಿಗೆ ಸರಿಯಾದ ಅಳತೆ.

ಗಡಿನಾಡ ಕನ್ನಡ ಸಂಘಗಳು ನವೆಂಬರ್‌ನಲ್ಲಿ ಬಾವುಟ ಹಾರಿಸುತ್ತವೆ, ಸಮ್ಮೇಳನ ಮಾಡುತ್ತವೆ, ಶಾಲೆಗಳ ಬಗ್ಗೆ ಮನವಿ ಕೊಡುತ್ತವೆ. ಆ ಮನವಿಗಳಲ್ಲಿ ರೇಡಿಯೋ ಎಂಬ ಪದಕ್ಕೂ ಒಂದು ಸಾಲು ಬೇಕು. ಹೊಸ ಪ್ರೇಷಕ ಹಾಕುವಾಗ ಗಡಿಯಾಚೆಯ ಹಳ್ಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ನೆರೆರಾಜ್ಯದ ಗಡಿ ಕೇಂದ್ರಗಳಲ್ಲಿ ಕನ್ನಡಕ್ಕೆ ನಿಗದಿತ ಹೊತ್ತು ಇರಲಿ, ಹಳೆಯ ಧ್ವನಿಸುರುಳಿಗಳು ಹಾಳಾಗುವ ಮೊದಲು ಸಾರ್ವಜನಿಕರಿಗೆ ಸಿಗಲಿ. ಇವು ಆಗದ ಮಾತುಗಳೇನಲ್ಲ.

ಆ ಸಿಗ್ನೇಚರ್ ಟ್ಯೂನ್ ರಚಿಸಿದ ಹಿರಿಮೆ ಸಲ್ಲುವುದು ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರನಿಗೆ. ನಾಜಿಗಳ ಕಾಲದಲ್ಲಿ ಯುರೋಪ್ ಬಿಟ್ಟು 1934ರಲ್ಲಿ ಮುಂಬಯಿಗೆ ಬಂದವರು. ಊರು ಬಿಟ್ಟು ಬಂದವನೊಬ್ಬ ಕಟ್ಟಿದ ಸ್ವರ ಇಡೀ ದೇಶಕ್ಕೆ ಊರಿನ ನೆನಪಾಯಿತು. ಊರು ಬಿಡದೆಯೇ ರಾಜ್ಯ ಬದಲಾದ ಗಡಿನಾಡಿಗರು ಅದನ್ನು ಇಷ್ಟು ಹಚ್ಚಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ? ಆ ಟ್ಯೂನ್ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಅದರ ನಂತರ ಕನ್ನಡದಲ್ಲಿ ಬರುತ್ತಿದ್ದ ಮೊದಲ ಮಾತು ಗಡಿಯ ಮನೆಗೆ ನಾಳೆಯೂ ಕೇಳಿಸುತ್ತದೆಯೇ ಎಂಬುದಷ್ಟೇ ಪ್ರಶ್ನೆ.