ಕಬ್ಬಿನ ‘ಟಾನಿಕ್’: ಇಳುವರಿ ಹೆಚ್ಚಿದ್ದು ನಿಜ, ಹೆಚ್ಚಿಸಿದ್ದು ಯಾವುದು?

ಮೂಡಲಗಿ: ಜೈವಿಕ ಉತ್ತೇಜಕಗಳೆಂಬ ಹೆಸರಿನ ಸುಮಾರು 30 ಸಾವಿರ ಉತ್ಪನ್ನಗಳು ವರ್ಷಗಟ್ಟಲೆ ಅಂಕೆಯಿಲ್ಲದೆ ಮಾರಾಟವಾಗುತ್ತಿದ್ದವು, ಬಿಗಿ ತಪಾಸಣೆಯ ಬಳಿಕ ಈ ಸಂಖ್ಯೆ 650ರ ಆಸುಪಾಸಿಗೆ ಇಳಿದಿದೆ ಎಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ 2025ರ ಜುಲೈನಲ್ಲಿ ಹೇಳಿದ್ದರು. ಈ ಉತ್ಪನ್ನಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತಂದದ್ದು 2021ರಲ್ಲಿ. ಪರಿಣಾಮಕ್ಕೆ ಕ್ಷೇತ್ರ ಪ್ರಯೋಗದ ಪುರಾವೆ ಕೇಳುವುದು ಆ ನಿಯಮದ ತಿರುಳು.

ಘಟಪ್ರಭೆಯ ನೀರಿನಲ್ಲಿ ಕಬ್ಬು ಬೆಳೆಯುವ ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗಕ್ಕೆ ಇದು ದೂರದ ದಿಲ್ಲಿಯ ಸುದ್ದಿಯಲ್ಲ. ‘ಸಿಂಪಡಿಸಿದ ಹೊಲದಲ್ಲಿ ಕಳೆದ ವರ್ಷಕ್ಕಿಂತ ಹೆಚ್ಚು ಟನ್ ಬಂತು’ ಎಂಬುದೇ ಇಂಥ ಮಾರಾಟದ ಸಾಮಾನ್ಯ ವಾದ. ಇಲ್ಲಿ ಸುಳ್ಳು ಇರಲೇಬೇಕೆಂದಿಲ್ಲ. ಇಳುವರಿ ನಿಜಕ್ಕೂ ಹೆಚ್ಚಿರಬಹುದು. ಆದರೆ ಆ ವರ್ಷ ಮಳೆ ಚೆನ್ನಾಗಿತ್ತೇ, ಕಾಲುವೆಗೆ ನೀರು ಸಕಾಲಕ್ಕೆ ಬಂತೇ, ದುಡ್ಡು ಕೊಟ್ಟು ಔಷಧ ತಂದ ರೈತ ಆ ಹೊಲದ ಕಳೆಯನ್ನೂ ಹೆಚ್ಚು ಮುತುವರ್ಜಿಯಿಂದ ತೆಗೆಸಿದನೇ ಎಂಬ ಪ್ರಶ್ನೆಗಳಿಗೆ ಆ ವಾದದಲ್ಲಿ ಉತ್ತರವಿಲ್ಲ.

ಈ ಪ್ರಶ್ನೆಗಳಿಗೆ ಉತ್ತರ ಪಡೆಯುವ ಬಗೆಯನ್ನು ಇದೇ ಬೆಳಗಾವಿ ಜಿಲ್ಲೆ ಜಗತ್ತಿಗೆ ತೋರಿಸಿದೆ; ಕೃಷಿಯಲ್ಲಲ್ಲ, ಹೆರಿಗೆಯ ವಿಷಯದಲ್ಲಿ. ಹೆರಿಗೆಯ ನಂತರದ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಮಾತ್ರೆ ತಡೆಯಬಲ್ಲದೇ ಎಂದು ತಿಳಿಯಲು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಜ್ಞರು ಅಮೆರಿಕದ ಸಂಶೋಧಕರೊಡನೆ 2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಗ್ರಾಮೀಣ ಭಾಗದಲ್ಲಿ ಪ್ರಯೋಗ ನಡೆಸಿದರು. ಒಟ್ಟು 1,620 ಬಾಣಂತಿಯರಲ್ಲಿ 812 ಮಂದಿಗೆ ಔಷಧ, 808 ಮಂದಿಗೆ ಅದರಂತೆಯೇ ಕಾಣುವ ಹುಸಿ ಮಾತ್ರೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರ ಇಚ್ಛೆಗೆ ಬಿಡದೆ ಚೀಟಿ ಎತ್ತಿದಂತೆ ಆಕಸ್ಮಿಕ ಕ್ರಮಕ್ಕೆ ಒಪ್ಪಿಸಲಾಗಿತ್ತು. ರಕ್ತಸ್ರಾವವನ್ನು ಕಣ್ಣಳತೆಯಲ್ಲಿ ಅಂದಾಜಿಸದೆ, ಅಳತೆಯ ಗುರುತುಳ್ಳ ಪ್ಲಾಸ್ಟಿಕ್ ಹಾಳೆಯಲ್ಲಿ ಸಂಗ್ರಹಿಸಿ ಅಳೆದರು.

2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಹುಸಿ ಮಾತ್ರೆಯ ಗುಂಪಿನಲ್ಲಿ ಶೇ 12ರಷ್ಟು ಮಂದಿಗೆ 500 ಮಿಲಿಲೀಟರ್ ಅಥವಾ ಹೆಚ್ಚಿನ ರಕ್ತಸ್ರಾವವಾಗಿತ್ತು. ಔಷಧ ಪಡೆದವರಲ್ಲಿ ಶೇ 6.4ರಷ್ಟು ಮಂದಿಗೆ ಮಾತ್ರ. ಆದರೆ ವರದಿಯ ಇನ್ನೊಂದು ಅಂಶದ ಮೇಲೆ ಹೆಚ್ಚು ಜನರ ಗಮನ ಹರಿಯಲಿಲ್ಲ. ಪ್ರಯೋಗ ಸಾಗಿದಂತೆ ಅತಿ ರಕ್ತಸ್ರಾವದ ಪ್ರಮಾಣ ಎರಡೂ ಗುಂಪುಗಳಲ್ಲಿ ಇಳಿಯುತ್ತ ಬಂದಿತ್ತು. ಅಂದರೆ ಔಷಧವೇ ಇಲ್ಲದ ಮಾತ್ರೆ ನುಂಗಿದವರಲ್ಲಿಯೂ! ಹೋಲಿಕೆಯ ಗುಂಪನ್ನೇ ಇಡದೆ ಎಲ್ಲರಿಗೂ ಔಷಧ ಕೊಟ್ಟು, ‘ಮೊದಲು ಎಷ್ಟಿತ್ತು, ಈಗ ಎಷ್ಟಾಯಿತು’ ಎಂದು ಲೆಕ್ಕ ಹಾಕಿದ್ದರೆ ಈ ಇಳಿಕೆಯ ಕೀರ್ತಿಯೂ ಔಷಧಕ್ಕೇ ಸಲ್ಲುತ್ತಿತ್ತು. ಕಬ್ಬಿನ ಟಾನಿಕ್‌ಗೆ ಸಲ್ಲುತ್ತಿರುವುದು ಇಂಥದೇ ಕೀರ್ತಿ.

ವಿಚಿತ್ರವೆಂದರೆ ಈ ವಿಧಾನ ಆಸ್ಪತ್ರೆಯಿಂದ ಹೊಲಕ್ಕೆ ಬಂದದ್ದಲ್ಲ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಶರ್ ಬೆಳೆ ಪ್ರಯೋಗಗಳಿಗಾಗಿ ರೂಪಿಸಿದ ತತ್ವ ಅದು. ವೈದ್ಯರು ಅದನ್ನು ನಂತರ ಎರವಲು ಪಡೆದರು.

ಹೊಲದಲ್ಲಿ ಅದರ ಪಾಲನೆ ಕಷ್ಟವೇನಲ್ಲ. ಕಾಲುವೆಗೆ ಹತ್ತಿರದ ಭೂಮಿ, ನೀರು ನಿಂತು ಸವಳಾದ ಭೂಮಿ ಒಂದೇ ಹೊಲದಲ್ಲಿದ್ದರೂ ಗುಣದಲ್ಲಿ ಬೇರೆ. ಆದ್ದರಿಂದ ಹೊಲವನ್ನು ಒಂದೇ ಬಗೆಯ ಮಣ್ಣಿನ ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯಲ್ಲೂ ಒಂದು ತಾಕಿಗೆ ಟಾನಿಕ್, ಇನ್ನೊಂದಕ್ಕೆ ಬರಿಯ ನೀರು ಸಿಂಪಡಿಸಬೇಕು. ಯಾವುದಕ್ಕೆ ಯಾವುದೆಂದು ಚೀಟಿ ಎತ್ತಿ ತೀರ್ಮಾನಿಸಬೇಕು. ಗೊಬ್ಬರ, ನೀರು, ಕಳೆ ಕೀಳುವುದು ಎಲ್ಲಕ್ಕೂ ಸಮಾನ. ಮೂಡಲಗಿಗೆ ಸಮೀಪದ ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳಿಗಾಗಿ ಮಾಡುವ ಕ್ಷೇತ್ರ ಪ್ರಯೋಗಗಳೂ ಇದೇ ಮಾದರಿಯವು.

ತೊಡಕಿರುವುದು ತೂಕದಲ್ಲಿ. ಕಾರ್ಖಾನೆಯ ಕಾಟಾದಲ್ಲಿ ತೂಗುವುದು ಇಡೀ ಹೊಲದ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೇಲರನ್ನು. ತಾಕುಗಳ ಕಬ್ಬನ್ನು ಕಡಿಯುವಾಗಲೇ ಬೇರ್ಪಡಿಸಿ ಹೊಲದಲ್ಲೇ ತೂಗದಿದ್ದರೆ ವರ್ಷವಿಡೀ ಪಟ್ಟ ಶ್ರಮ ಒಂದೇ ರಶೀದಿಯಲ್ಲಿ ಬೆರೆತುಹೋಗುತ್ತದೆ. ಕಡಿಯುವ ಗ್ಯಾಂಗಿನವರು ಇದಕ್ಕೆ ಹೆಚ್ಚಿನ ಕೂಲಿ ಕೇಳುವುದು ಸಹಜ. ಅದನ್ನು ಭರಿಸಬೇಕಾದವರು ಡಬ್ಬಿ ಮಾರುವವರೇ ಹೊರತು ಕೊಳ್ಳುವ ರೈತರಲ್ಲ.