ದೋಣಿ ದಡ ಸೇರಿದ ಮೇಲೆ

ಬೇಸಿಗೆಯ ರಜೆಗೆ ಊರಿಗೆ ಹೋಗುವ ನಮ್ಮ ಕರಾವಳಿಯ ಕುಟುಂಬಗಳಿಗೆ ಹೊಳೆಯಲ್ಲಿ ದೋಣಿ ಸವಾರಿ ತಪ್ಪಿದ್ದಲ್ಲ. ಗಂಗೊಳ್ಳಿಯ ಕಡೆ ಹಿಂದೆ ಹುಟ್ಟು, ಜಲ್ಲೆಗಳದೇ ಕಾರುಬಾರು; ಈಗ ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಯಂತ್ರವೂ ಬಂದಿದೆ.

ಸಂಜೆ ಎಲ್ಲರೂ ಇಳಿದು ಮನೆಯ ದಾರಿ ಹಿಡಿಯುವಾಗ ಒಂದು ಕೆಲಸ ಉಳಿದಿರುತ್ತದೆ: ಟ್ಯಾಂಕಿನಿಂದ ಯಂತ್ರಕ್ಕೆ ಪೆಟ್ರೋಲ್ ಒಯ್ಯುವ ರಬ್ಬರ್ ಪೈಪನ್ನು ಕಳಚಿಡುವುದು. "ನಾಳೆ ಹೇಗೂ ಬೇಕಲ್ಲ, ಇರಲಿ ಬಿಡಿ" ಎನ್ನುವವರೇ ಬಹಳ. ಆದರೆ ಬಿಸಿಲಿಗೆ ಟ್ಯಾಂಕು ಕಾದರೆ ಒಳಗಿನ ಆವಿ ಹಿಗ್ಗಿ ಪೆಟ್ರೋಲನ್ನು ಯಂತ್ರದೊಳಕ್ಕೆ ದೂಡುತ್ತದೆ. ಕಾರ್ಬ್ಯುರೇಟರ್ ತುಂಬಿ ಹೊರಗೆ ಸೋರಬಹುದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲೇ ಕೂತಿರುತ್ತದೆ. ಆಮೇಲೆ ಒಂದು ಬೀಡಿಯ ಕಿಡಿ ಸಾಕು.

ಕ್ರಮ ಇಷ್ಟೆ. ಯಂತ್ರವನ್ನು ತಣಿಸುವುದು ಹೊಳೆಯ ನೀರೇ. ಆದ್ದರಿಂದ ಅದರ ಬುಡ ನೀರಿನಲ್ಲಿರುವಾಗಲೇ ಯಂತ್ರದ ಕಡೆಯ ಕೊಂಡಿ ಕಳಚಿ, ತಾನಾಗಿ ನಿಲ್ಲುವವರೆಗೆ ನಿಧಾನವಾಗಿ ಓಡಲು ಬಿಡಿ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಉಳಿದು ಆರಿದರೆ, ಅದರಲ್ಲಿ ಬೆರೆಸಿದ ಎಣ್ಣೆ ಅಂಟಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಇಂಜೆಕ್ಷನ್ ಬಗೆಯ ಹೊಸ ಯಂತ್ರಗಳನ್ನು ಮಾತ್ರ ಹೀಗೆ ಬರಿದು ಮಾಡಬಾರದು. ನಿಲ್ಲಿಸಿದ ಮೇಲೆ ಪೈಪು ಕಳಚಬೇಕು. ಸೀಮೆಎಣ್ಣೆಯಲ್ಲಿ ಓಡಿಸುವ ನಾಡದೋಣಿಯವರು ನಿಲ್ಲಿಸುವ ಮುಂಚೆ ಪೆಟ್ರೋಲಿಗೆ ತಿರುಗಿಸುತ್ತಾರೆ. ತಣ್ಣಗಿನ ಯಂತ್ರ ಸೀಮೆಎಣ್ಣೆಗೆ ಸುಲಭವಾಗಿ ಹೊತ್ತಿಕೊಳ್ಳದು.

ಬಳಿಕ ಟ್ಯಾಂಕಿನ ಮುಚ್ಚಳದ ಗಾಳಿತಿರುಪು ಬಿಗಿಮಾಡಿ. ಟ್ಯಾಂಕಿನ ಕಡೆಯ ಕೊಂಡಿಯನ್ನೂ ಕಳಚಿ, ಅಂಟಿದ ಮರಳು ಒರೆಸಿ, ಪೈಪನ್ನು ಮಡಿಕೆ ಬೀಳದಂತೆ ಸುತ್ತಿ ನೆರಳಿನಲ್ಲಿ ತೂಗುಹಾಕಿ. ಟ್ಯಾಂಕನ್ನು ಅಡಿಗೆಮನೆಯ ಹತ್ತಿರ ಸುಳಿಯಗೊಡಬೇಡಿ. ಆಗಾಗ ಪೈಪನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಿಸಿ. 2023ರಿಂದ ಮಾರಾಟಕ್ಕೆ ಬಂದ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಹಳೆಯ ಬಗೆಯ ರಬ್ಬರಿಗೆ ಒಗ್ಗುವುದಿಲ್ಲ. ಮತ್ತೆ ಜೋಡಿಸುವ ಮೊದಲು ಗಾಳಿತಿರುಪು ಮೆಲ್ಲನೆ ಸಡಿಲಿಸಿ, ಒಳಗಿನ ಒತ್ತಡ ಹೊರಹೋಗಲಿ.

ಸಂಜೆ ಕಡತ ಕಟ್ಟಿಡದೆ ಎದ್ದುಹೋದ ಗುಮಾಸ್ತನಿಗೆ ಬೆಳಿಗ್ಗೆ ಸಾಹೇಬರಿಂದ ನಾಲ್ಕು ಮಾತು, ಅಲ್ಲಿಗೆ ಮುಗಿಯಿತು. ಅಳಿವೆಯ ಬಳಿ, ಇಳಿತದ ಸೆಳೆತದಲ್ಲಿ ಯಂತ್ರ ನಿಂತರೆ ದಂಡ ತೆರುವವರು ದೋಣಿಯಲ್ಲಿರುವ ಹೆಂಗಸರು, ಮಕ್ಕಳು. ಆದ್ದರಿಂದ, ಬಾಡಿಗೆ ದೋಣಿಯಿಂದ ಇಳಿದವರು ಅಂಬಿಗನನ್ನು ಅವಸರಪಡಿಸಬೇಡಿ. ಅವನಿಗೆ ಆ ಐದು ನಿಮಿಷ ಕೊಡಿ. ಊರಲ್ಲಿ ಸ್ವಂತ ದೋಣಿ ಇಟ್ಟಿರುವ ಅಣ್ಣತಮ್ಮಂದಿರಿದ್ದರೆ, ಈ ಸಲ ಯೋಗಕ್ಷೇಮ ವಿಚಾರಿಸುವಾಗ ಪೈಪಿನ ಯೋಗಕ್ಷೇಮವನ್ನೂ ವಿಚಾರಿಸಿ.